ಏಳು ಜುಲೈ ತಿಂಗಳು: ಖಾಸಗಿ ವಿಶ್ವವಿದ್ಯಾಲಯದ ಒಂದು ಪ್ರಕರಣ

ಇದು ನನ್ನದೇ ಪ್ರಕರಣ. 2015ರ ಆಗಸ್ಟ್ 1ರಿಂದ 2023ರ ಜೂನ್ 30ರವರೆಗೆ ಒಂದು ದೊಡ್ಡ ಖಾಸಗಿ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಪಾಠ ಮಾಡಿದೆ. ಬಿಟ್ಟು ಬರುವಾಗ ಗ್ರ್ಯಾಚುಟಿ ಕೇಳಿದೆ, ಅಂದರೆ ಎಷ್ಟು ವರ್ಷ ದುಡಿದೆವೋ ಅದರ ಲೆಕ್ಕದಲ್ಲಿ ಕೆಲಸ ಬಿಡುವಾಗ ಸಂಸ್ಥೆ ಕೊಡಬೇಕಾದ ಮೊತ್ತ. ನಿಮಗೆ ಬರುವುದಿಲ್ಲ ಅಂದರು. ಒಂದು ವರ್ಷಕ್ಕಿಂತ ಜಾಸ್ತಿ ಓಡಾಡಿ ಅದನ್ನು ಪಡೆದೆ. ಯಾವ ಕಾಗದ ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ, ಎಲ್ಲವನ್ನೂ ಬರೆಯುತ್ತಿದ್ದೇನೆ. ನಮ್ಮ ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಡೆ 11 ತಿಂಗಳ ನೇಮಕಾತಿ ಆರ್ಡರ್ ಮೇಲೆ ಪಾಠ ಮಾಡುವವರು ಬಹಳ ಜನ ಇದ್ದಾರೆ, ಅವರಲ್ಲಿ ಹೆಚ್ಚಿನವರಿಗೆ ತಮಗೆ ಏನು ಬರಬೇಕು ಅಂತ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ವಿಶ್ವವಿದ್ಯಾಲಯದ ಹೆಸರು ಬಿಟ್ಟಿದ್ದೇನೆ, ಅದು ಇರುವ ಊರನ್ನೂ ಬಿಟ್ಟಿದ್ದೇನೆ. ನನ್ನ ಮನೆ ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಮನೆ ಹೋದಾಗ ಅಪ್ಪನಿಗೆ ಇಲ್ಲಿ ಜಾಗ ಸಿಕ್ಕಿತು. ಕೆಲಸದ ದಿನ ಕ್ಯಾಂಪಸ್ ಹತ್ತಿರ ಇಬ್ಬರು ಮೇಡಂಗಳ ಜೊತೆ ರೂಮು, ಶನಿವಾರ ಸಂಜೆ ಬಾಗಲಕೋಟೆ ಬಸ್ಸು. ಎಂಟು ವರ್ಷ ಇದೇ ನಡೆಯಿತು.

ಮೊದಲು ಕೆಲಸ ಹೇಗಿತ್ತು ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಕೆಮಿಸ್ಟ್ರಿ ಸೈಕಲ್, ಫಿಜಿಕ್ಸ್ ಸೈಕಲ್ ಅಂತ ಎರಡು ಇರುತ್ತವೆ. ಅರ್ಧ ಮಕ್ಕಳು ಮೊದಲ ಸೆಮಿಸ್ಟರ್‌ಗೆ ನಮ್ಮ ಹತ್ತಿರ, ಉಳಿದರ್ಧ ಎರಡನೇ ಸೆಮಿಸ್ಟರ್‌ಗೆ. ನಮ್ಮದು ಪದವಿ ಕೊಡುವ ವಿಭಾಗ ಅಲ್ಲ, ಬೇರೆ ವಿಭಾಗಗಳಿಗೆ ಪಾಠ ಮಾಡಿಕೊಡುವ ವಿಭಾಗ. ಹಾಗಾಗಿ ಕೆಮಿಸ್ಟ್ರಿ, ಗಣಿತ, ಇಂಗ್ಲಿಷ್, ಕನ್ನಡದವರಿಗೆ ಹೆಚ್ಚಾಗಿ 11 ತಿಂಗಳ ಆರ್ಡರ್. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ನೇರ ಪಾಠ ಅಂತ ಇದೆ. ನನಗೆ 22 ಗಂಟೆ ಇರುತ್ತಿತ್ತು, ಯಾರಾದರೂ ಹೆರಿಗೆ ರಜೆ ಮೇಲೆ ಹೋದರೆ 26. ಅದರ ಮೇಲೆ 20 ಮಕ್ಕಳಿಗೆ ಮೆಂಟರ್. ಹಾಜರಿ ಕಡಿಮೆ ಆದರೆ ಮನೆಗೆ ಫೋನ್ ಮಾಡಬೇಕು, ಫೀ ಬಾಕಿ ಇದ್ದರೂ ನಾವೇ ಫೋನ್ ಮಾಡಬೇಕು. ಈ ಎರಡನೇ ಫೋನ್ ನನಗೆ ಕೊನೆಯವರೆಗೂ ರೂಢಿ ಆಗಲಿಲ್ಲ. ಮಧ್ಯಾಹ್ನ ಹುಡುಗನಿಗೆ ಪಾಠ ಮಾಡಿ, ಸಂಜೆ ಅವನ ಅಪ್ಪನಿಗೆ ಫೋನ್ ಮಾಡಿ ದುಡ್ಡು ಯಾವಾಗ ಕಟ್ಟುತ್ತೀರಿ ಅಂತ ಕೇಳಿದರೆ, ಮರುದಿನ ಆ ಹುಡುಗ ನನ್ನ ಮುಖ ನೋಡುತ್ತಿರಲಿಲ್ಲ.

ಸಂಬಳ ಶುರುವಿಗೆ 24,000, ಕೊನೆಗೆ 39,000. ಕನ್ಸಾಲಿಡೇಟೆಡ್, ಅಂದರೆ ಬೇಸಿಕ್ಕು, ಡಿಎ ಅಂತ ಬಿಡಿಸಿ ಹೇಳದ ಒಂದೇ ಮೊತ್ತ. ಏಳನೇ ವೇತನ ಆಯೋಗದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ಕೆಲಸಕ್ಕೆ ಸೇರಿದ ದಿನವೇ ಮೂಲ ವೇತನ 57,700. ನಾನು ಕೆ-ಸೆಟ್, ಅಂದರೆ ರಾಜ್ಯದ ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸಾದವಳು, ಆ ಹುದ್ದೆಗೆ ಬೇಕಾದ ಅರ್ಹತೆ ಇತ್ತು. 2020ರಲ್ಲಿ ಕೊರೊನಾ ಬಂದಾಗ ಕೆಲವು ತಿಂಗಳು ಅರ್ಧ ಸಂಬಳ ಹಾಕಿದರು. ಉಳಿದರ್ಧ ಆಮೇಲೆ ಕೊಡುತ್ತೇವೆ ಅಂದಿದ್ದರು, ಕೊಡಲಿಲ್ಲ.

ಆದರೂ ಆ ಲ್ಯಾಬ್ ನನಗೆ ಬಹಳ ಇಷ್ಟ ಆಗಿತ್ತು, ಇದನ್ನು ಹೇಳದಿದ್ದರೆ ಸುಳ್ಳು ಬರೆದಂತೆ. ನೀರಿನ ಗಡಸುತನ ಅಳೆಯುವ ಪ್ರಯೋಗ ಇರುತ್ತದಲ್ಲ, ಇಡಿಟಿಎ ಅನ್ನುವ ರಾಸಾಯನಿಕ ಹಾಕುತ್ತಾ ಹೋದರೆ ಕೆಂಪು ಬಣ್ಣ ನೀಲಿಗೆ ತಿರುಗುವುದು. ಅದಕ್ಕೆ ನಾನು ಮಕ್ಕಳಿಗೆ ತಮ್ಮ ತಮ್ಮ ಊರಿನ ಬೋರ್‌ವೆಲ್ ನೀರು ತರಲು ಹೇಳುತ್ತಿದ್ದೆ. ಸೋಮವಾರ ಬೆಳಗ್ಗೆ ಮೇಜಿನ ಮೇಲೆ ಹುನಗುಂದ, ಬೀಳಗಿ, ಬಸವನ ಬಾಗೇವಾಡಿ, ಸವದತ್ತಿ ಅಂತ ಪೆನ್ನಲ್ಲಿ ಬರೆದ ಬಾಟಲಿಗಳ ಸಾಲು. ಇಡಿಟಿಎ ತುಂಬಿದ ಬ್ಯುರೆಟ್ (ಅಳತೆಯ ಗಾಜಿನ ಕೊಳವೆ) ಖಾಲಿ ಆಗುತ್ತಾ ಬಂದರೂ ಕೆಲವು ಬಾಟಲಿ ನೀರು ಕೆಂಪಾಗೇ ಇರುತ್ತಿತ್ತು. ಒಬ್ಬ ಹುಡುಗಿ ತನ್ನ ಊರಿನ ರೀಡಿಂಗ್ ನೋಡಿ, "ಮೇಡಂ, ನಮ್ಮವ್ವ ದಿನಾ ಇದೇ ನೀರಾಗ ಬ್ಯಾಳಿ ಕುದಸ್ತಾಳ್ರಿ, ಅದಕ್ಕ ಬೇಯಂಗಿಲ್ಲೇನ್ರಿ?" ಅಂದಳು. ಹೌದು, ಅದಕ್ಕೇ. ಕ್ಯಾಲ್ಸಿಯಂ ಜಾಸ್ತಿ ಇರುವ ನೀರಲ್ಲಿ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಆ ದಿನ ಇಡೀ ಬ್ಯಾಚು ಪುಸ್ತಕ ಬಿಟ್ಟು ಬೇಳೆ ಬಗ್ಗೆ ಮಾತಾಡಿತು. ಇಂಥ ದಿನಗಳಿಗಾಗಿಯೇ ನಾನು ಎಂಟು ವರ್ಷ ಅಲ್ಲಿದ್ದೆ.

ಲ್ಯಾಬಿನಲ್ಲಿ ಒಬ್ಬ ಅಟೆಂಡರ್ ಇದ್ದರು. ಎಲ್ಲರೂ ಅವರನ್ನು ಮಾಮಾ ಅನ್ನುತ್ತಿದ್ದೆವು. ನಾನು ಸೇರುವ ಹೊತ್ತಿಗೆ ಅವರಿಗೆ 16 ವರ್ಷ ಸರ್ವಿಸ್ ಆಗಿತ್ತು. ಯಾವ ಬಾಟಲಿ ಎಲ್ಲಿದೆ, ಯಾವ ಬ್ಯುರೆಟ್ ಸೋರುತ್ತದೆ ಅಂತ ಕಣ್ಣು ಮುಚ್ಚಿ ಹೇಳುವವರು. ಅವರ ಮಾತು ಮುಂದೆ ಮತ್ತೆ ಬರುತ್ತದೆ.

ಇನ್ನು ಜುಲೈ ವಿಷಯ. ನನ್ನ ಆರ್ಡರ್ ಪ್ರತಿ ವರ್ಷ ಆಗಸ್ಟ್ 1ರಿಂದ ಮುಂದಿನ ಜೂನ್ 30ರವರೆಗೆ. ಜುಲೈ ಒಂದು ತಿಂಗಳು ನಾವು ನೌಕರಿಯಲ್ಲಿ ಇಲ್ಲ, ಸಂಬಳವೂ ಇಲ್ಲ. ಆಗಸ್ಟ್‌ನಲ್ಲಿ ಹೊಸ ಆರ್ಡರ್, ಅದೇ ಹೆಸರು, ಅದೇ ಟೇಬಲ್, ಅದೇ ಬೀರು ಕೀಲಿ. ಇದಕ್ಕೆ ಎಲ್ಲರೂ "ಬ್ರೇಕ್" ಅನ್ನುತ್ತಿದ್ದರು. ಆದರೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಜುಲೈ ಅಂದರೆ ಉಸಿರು ಬಿಡಲೂ ಪುರಸೊತ್ತಿಲ್ಲದ ತಿಂಗಳು. ಸಿಇಟಿ ಫಲಿತಾಂಶ ಬಂದಿರುತ್ತದೆ, ಅಡ್ಮಿಷನ್ ನಡೆಯುತ್ತಿರುತ್ತದೆ. ಲ್ಯಾಬಿನ ಸ್ಟಾಕ್ ಎಣಿಸಬೇಕು, ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಫೈಲ್ ಹೊಂದಿಸಬೇಕು. ಆಗ ನ್ಯಾಕ್ ಮೌಲ್ಯಮಾಪನದಲ್ಲಿ ಏಳು ಮಾನದಂಡ, ಪ್ರತಿಯೊಂದಕ್ಕೂ ದಾಖಲೆ, ಪ್ರತಿ ದಾಖಲೆಗೂ ಸಹಿ, ಫೋಟೋ. ಅದನ್ನೆಲ್ಲ ಮಾಡುವವರು ಯಾರು? ಬ್ರೇಕ್‌ನಲ್ಲಿ ಇರುವ ನಾವೇ.

ಬರಲೇಬೇಕು ಅಂತ ಯಾರೂ ಬರೆದು ಕೊಡುತ್ತಿರಲಿಲ್ಲ. ವಿಭಾಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಾಲು ಬರುತ್ತಿತ್ತು: ನಾಳೆ 9 ಗಂಟೆಗೆ ಎಲ್ಲರೂ ಹಾಜರಿರಬೇಕು. ಬಾರದೆ ಇದ್ದವರ ಆಗಸ್ಟ್ ಆರ್ಡರ್ ತಡ ಆಗುತ್ತಿತ್ತು, ಅಷ್ಟು ಸಾಕಿತ್ತು. ಜುಲೈ 1ಕ್ಕೆ ಬಯೋಮೆಟ್ರಿಕ್ ಯಂತ್ರದಿಂದ ನಮ್ಮ ಹೆಸರು ತೆಗೆದಿರುತ್ತಿದ್ದರು. ಮೊದಲ ವರ್ಷ ಗೊತ್ತಿರದೆ ಹೆಬ್ಬೆಟ್ಟು ಒತ್ತಿದೆ, ಕೆಂಪು ದೀಪ ಹತ್ತಿ "ಪ್ಲೀಸ್ ಟ್ರೈ ಅಗೇನ್" ಅಂತು. ಮತ್ತೆ ಒತ್ತಿದೆ, ಮತ್ತೆ ಅದೇ. ಹಿಂದೆ ನಿಂತಿದ್ದ ಹಿರಿಯ ಮೇಡಂ, "ಅದು ಬರಂಗಿಲ್ರಿ ಈ ತಿಂಗಳ, ಅಲ್ಲಿ ಬುಕ್ಕಿನ್ಯಾಗ ಸಹಿ ಮಾಡ್ರಿ" ಅಂದರು. ಸೆಕ್ಯುರಿಟಿ ಟೇಬಲ್ ಮೇಲೆ ಒಂದು ಉದ್ದನೆಯ ನೋಟ್‌ಬುಕ್. ಅದರಲ್ಲಿ ಹೆಸರು, ಬಂದ ಸಮಯ, ಸಹಿ. ಆಗಸ್ಟ್ ಬಂದ ಮೇಲೆ ಆ ಪುಸ್ತಕ ಎಲ್ಲಿಗೆ ಹೋಗುತ್ತಿತ್ತೋ, ಕೇಸ್ ಹಾಕಿದಾಗ ಕೇಳಿದರೆ ಅಂಥ ಪುಸ್ತಕವೇ ಇರಲಿಲ್ಲ ಅಂದರು.

2019ರ ಜುಲೈ ಒಂದು ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಡ್ಮಿಷನ್ ಪ್ರಚಾರಕ್ಕೆ ಮೂವರನ್ನು ಒಂದು ಗಾಡಿಯಲ್ಲಿ ಕಳಿಸಿದ್ದರು. ಮುಧೋಳ, ಮಹಾಲಿಂಗಪುರ ಮುಗಿಸಿ ರಬಕವಿ-ಬನಹಟ್ಟಿಗೆ ಬಂದೆವು. ಕೈಯಲ್ಲಿ ಪಿಯುಸಿ ಮುಗಿಸಿದ ಮಕ್ಕಳ ಹೆಸರಿನ ಪಟ್ಟಿ, ಪ್ರತಿಯೊಬ್ಬರಿಗೆ ಹತ್ತು ಸೀಟಿನ ಗುರಿ. ಒಂದು ನೇಕಾರರ ಮನೆ. ಮುಂದಿನ ಕೋಣೆಯಲ್ಲೇ ಎರಡು ಪವರ್‌ಲೂಮ್, ಮಾತು ಒಂದೂ ಕೇಳಿಸುವುದಿಲ್ಲ. ಮನೆಯವರು ಮಗ್ಗ ನಿಲ್ಲಿಸಿದರು. ಮಗ್ಗ ನಿಂತರೆ ಆ ಹೊತ್ತಿನ ದುಡಿಮೆ ನಿಂತಂತೆ, ಅದು ನನಗೆ ಗೊತ್ತು. ನಮಗೆ ಚಾಪೆ ಹಾಕಿ, ನೀರು ಕೊಟ್ಟು, ಕೂತು ಕೇಳಿದರು. ಫೀ ಎಷ್ಟು, ಬಸ್ ಐತೇನು, ಹುಡುಗಿಯರ ಹಾಸ್ಟೆಲ್ ಹೆಂಗ. ಎಲ್ಲದಕ್ಕೂ ಉತ್ತರ ಹೇಳಿದೆ. ಕೊನೆಗೆ ಅವರು ನನ್ನನ್ನೇ ನೋಡಿ ಕೇಳಿದರು: "ನೀವು ಅಲ್ಲೇ ನೌಕರಿ ಮಾಡ್ತೀರಲ್ಲರಿ, ಪರ್ಮನೆಂಟ್ ಏನ್ರಿ? ನೀವು ಇದ್ದರ ನಮ್ಮ ಹುಡುಗೀನ ಕಳಸ್ತೀವಿ."

ಹೌದ್ರಿ ಅಂದೆ. ಆ ದಿನ ಕಾಗದದ ಪ್ರಕಾರ ನಾನು ಆ ವಿಶ್ವವಿದ್ಯಾಲಯದ ಯಾರೂ ಆಗಿರಲಿಲ್ಲ. ಆ ಹುಡುಗಿ ಸೇರಿದಳು, ನನ್ನ ಬ್ಯಾಚಿಗೇ ಬಂದಳು, ಚೆನ್ನಾಗಿ ಓದಿ ಈಗ ಕೆಲಸದಲ್ಲಿದ್ದಾಳೆ. ಆದರೂ ಅವಳ ಅಪ್ಪನಿಗೆ ಹೇಳಿದ ಆ "ಹೌದ್ರಿ" ನನ್ನೊಳಗೆ ಹಾಗೇ ಉಳಿದಿದೆ. ಗ್ರ್ಯಾಚುಟಿಗೆ ಹೋರಾಡಿದ್ದು ದುಡ್ಡಿಗೆ ಮಾತ್ರ ಅಂತ ಕೆಲವರು ಅಂದುಕೊಂಡರು. ದುಡ್ಡು ಬೇಕಿತ್ತು, ಸುಳ್ಳು ಯಾಕೆ. ಆದರೆ ಆ ದಿನ ನಾನು ನೌಕರಿಯಲ್ಲಿ ಇದ್ದೆ ಅಂತ ಯಾರಾದರೂ ಕಾಗದದ ಮೇಲೆ ಬರೆಯಬೇಕಿತ್ತು.

2023ರಲ್ಲಿ ಬಾಗಲಕೋಟೆಯಲ್ಲೇ ಪಿಯು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅವ್ವನಿಗೆ ಆರೋಗ್ಯ ಸರಿ ಇರಲಿಲ್ಲ, ಮನೆಯಿಂದಲೇ ಹೋಗಿ ಬರಬಹುದು ಅಂತ ಒಪ್ಪಿಕೊಂಡೆ. ಮುಂದಿನ ಆರ್ಡರ್ ಬೇಡ ಅಂತ ಬರೆದು ಕೊಟ್ಟೆ. ನೋ ಡ್ಯೂಸ್ ಕಾಗದ ಹಿಡಿದು ಲೈಬ್ರರಿ, ಸ್ಪೋರ್ಟ್ಸ್, ಟ್ರಾನ್ಸ್‌ಪೋರ್ಟ್, ಹಾಸ್ಟೆಲ್, ಪರೀಕ್ಷಾ ವಿಭಾಗ ಅಂತ ಮೂರು ದಿನ ಸಹಿ ಹಾಕಿಸಿಕೊಂಡೆ. ಕೊನೆಗೆ ಎಚ್‌ಆರ್ ಕೌಂಟರ್. ಅಲ್ಲಿನ ಹುಡುಗ ಒಳ್ಳೆಯವನೇ. "ಕಾಂಟ್ರ್ಯಾಕ್ಟ್ ಇದ್ದವರಿಗೆ ಗ್ರ್ಯಾಚುಟಿ ಬರಂಗಿಲ್ರಿ ಮೇಡಂ, ಪ್ರತಿ ವರ್ಷ ಬ್ರೇಕ್ ಐತಲ್ಲ, ಐದು ವರ್ಷ ಎಲ್ಲಿ ಆಗ್ತದ?" ಅಂದ. ಮುಂದೆ ಇಟ್ಟ ಕಾಗದದಲ್ಲಿ "ಇನ್ನು ಯಾವ ಬಾಕಿಯೂ ಇಲ್ಲ, ಮುಂದೆ ಏನೂ ಕೇಳುವುದಿಲ್ಲ" ಅನ್ನುವ ಅರ್ಥದ ಸಾಲು ಇತ್ತು. ಸಹಿ ಹಾಕದಿದ್ದರೆ ರಿಲೀವಿಂಗ್ ಲೆಟರ್ ಇಲ್ಲ. ಹೊಸ ಕಾಲೇಜು ಆ ಲೆಟರ್ ಕೇಳಿತ್ತು. ಸಹಿ ಹಾಕಿದೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ, "ಹೋಗ್ಲಿ ಬಿಡು, ಎಂಟು ವರ್ಷ ಅನ್ನ ಹಾಕ್ಯಾರ" ಅಂದರು. ಈ ಮಾತು ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ನಮ್ಮ ಕಡೆ ಶಿಕ್ಷಣ ಸಂಸ್ಥೆ ಅಂದರೆ ಬಹಳ ದೊಡ್ಡ ಗೌರವ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರದ್ದು, ವಿಜಯಪುರದ ಬಿಎಲ್‌ಡಿಇ 1910ರದ್ದು, ಬೆಳಗಾವಿಯ ಕೆಎಲ್‌ಇ 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಕಟ್ಟಿದ್ದು. ನನ್ನ ಪ್ರಕರಣಕ್ಕೂ ಈ ಮೂರು ಸಂಸ್ಥೆಗಳಿಗೂ ಸಂಬಂಧ ಇಲ್ಲ. ಅಪ್ಪನ ಮನಸ್ಸಲ್ಲಿ ಸಂಸ್ಥೆ ಅಂದರೆ ಇಂಥವೇ, ಅದಕ್ಕೇ ಹೇಳಿದೆ. ಸಂಸ್ಥೆಯ ಮೇಲೆ ಅರ್ಜಿ ಹಾಕುವುದು ಅಂದರೆ ಅವರಿಗೆ ಮಠದ ಮೇಲೆ ಕೇಸ್ ಹಾಕಿದ ಹಾಗೆ. ಈ ಗೌರವದಿಂದಲೇ ಎಷ್ಟೋ ಜನ ಶಿಕ್ಷಕರು ಬಾಯಿ ಬಿಡುವುದಿಲ್ಲ. ಆದರೆ ಏಳು ಜನ ಶಿಕ್ಷಕರು ಸೇರಿ ಸಂಸ್ಥೆ ಕಟ್ಟಿದ ಸೀಮೆಯಲ್ಲಿ ಶಿಕ್ಷಕರಿಗೇ ತಮ್ಮ ಹಕ್ಕು ಕೇಳಲು ನಾಚಿಕೆ ಆಗಬಾರದು ಅಂತ ನನಗೆ ಅನ್ನಿಸುತ್ತದೆ.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಒಬ್ಬ ಪರಿಚಯದ ವಕೀಲರ ಹತ್ತಿರ ಕೂತು ಓದಿದೆ. ಲೇಬರ್ ಕೋರ್ಟಿಗೆ ಹೋಗಿ ಅಂತ ಯಾರೋ ಹೇಳಿದ್ದರು. ಅದು ಆಗುವುದಿಲ್ಲ. ಕೈಗಾರಿಕಾ ವಿವಾದ ಕಾಯ್ದೆಯ ಕೆಳಗೆ ಶಿಕ್ಷಕರು "ಕಾರ್ಮಿಕರು" ಅಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಗ್ರ್ಯಾಚುಟಿ ಕಾಯ್ದೆ ಬೇರೆ, ಅದು 1972ರದ್ದು, ನನ್ನ ಕೇಸ್ ನಡೆದಾಗ ಜಾರಿಯಲ್ಲಿ ಇದ್ದದ್ದು ಅದೇ. ಅದರಲ್ಲೂ ಶಿಕ್ಷಕರು ಬರುವುದಿಲ್ಲ ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಆಮೇಲೆ ಸಂಸತ್ತು 2009ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷಕರನ್ನೂ ಸೇರಿಸಿತು, ಅದೂ 1997ರ ಏಪ್ರಿಲ್ 3ರಿಂದಲೇ ಅನ್ವಯ ಆಗುವ ಹಾಗೆ. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದವು. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ನಾನು ಕೆಲಸ ಬಿಡುವ ಹತ್ತು ತಿಂಗಳ ಮೊದಲು. ನಮ್ಮ ಸ್ಟಾಫ್ ರೂಮಿನಲ್ಲಿ ಆ ತೀರ್ಪಿನ ಬಗ್ಗೆ ಒಬ್ಬರೂ ಮಾತಾಡಿದ್ದು ನಾನು ಕೇಳಿಲ್ಲ.

ಗ್ರ್ಯಾಚುಟಿಗೆ ಐದು ವರ್ಷದ ನಿರಂತರ ಸೇವೆ ಬೇಕಿತ್ತು, ಹಾಗಾಗಿ ಬ್ರೇಕ್ ಬಗ್ಗೆ ಆ ಕಾಯ್ದೆಯ 2ಎ ಕಲಂ ಓದಬೇಕು. ಹಿಂದಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷವನ್ನು ನಿರಂತರ ಸೇವೆ ಅಂತಲೇ ಲೆಕ್ಕ ಹಿಡಿಯಬೇಕು. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಸಂಸ್ಥೆಯಾದರೆ 190 ದಿನ ಸಾಕು. ನಮ್ಮದು ಶನಿವಾರವೂ ಇತ್ತು, ಹಾಗಾಗಿ 240. ಹನ್ನೊಂದು ತಿಂಗಳ ಆರ್ಡರ್‌ನಲ್ಲೇ ಅದು ದಾಟುತ್ತದೆ. ಅಂದರೆ ಜುಲೈನಲ್ಲಿ ನಾನು ಸುಮ್ನೆ ಮನೆಯಲ್ಲಿ ಕೂತಿದ್ದರೂ ಬ್ರೇಕ್ ಅನ್ನುವ ನೆಪ ನಿಲ್ಲುವುದು ಕಷ್ಟ ಇತ್ತು. ಕೆಲಸವನ್ನೇ ಮಾಡಿದ್ದೆ ಅಂತ ತೋರಿಸಿದರೆ ಆ ನೆಪಕ್ಕೆ ಜಾಗವೇ ಇರುವುದಿಲ್ಲ. ಇನ್ನು ನಾನು ಹಾಕಿದ ಸಹಿ. 14ನೇ ಕಲಂ ಪ್ರಕಾರ ಯಾವ ಒಪ್ಪಂದವೂ ಈ ಕಾಯ್ದೆಯನ್ನು ಮೀರುವುದಿಲ್ಲ. ಇದನ್ನು ಓದಿದಾಗ ಅವತ್ತು ರಾತ್ರಿ ನಿದ್ದೆ ಬಂತು.

ಲೆಕ್ಕ ಸುಲಭ. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು, ಆಮೇಲೆ ಎಷ್ಟು ವರ್ಷವೋ ಅಷ್ಟರಿಂದ. ಮನೆ ಬಾಡಿಗೆ ಭತ್ಯೆಯಂಥವು ಇದರಲ್ಲಿ ಸೇರುವುದಿಲ್ಲ, ಆದರೆ ನನ್ನದು ಬಿಡಿಸದ ಒಂದೇ ಮೊತ್ತ, ಹಾಗಾಗಿ ಪೂರ್ತಿ 39,000. 26ರಿಂದ ಭಾಗಿಸಿದರೆ 1,500, ಗುಣಿಲೆ 15 ಅಂದರೆ 22,500. ಆರು ತಿಂಗಳು ಮೀರಿದ ವರ್ಷವನ್ನು ಪೂರ್ತಿ ವರ್ಷ ಅಂತ ಹಿಡಿಯಬೇಕು. ನನ್ನದು ಏಳು ವರ್ಷ ಹನ್ನೊಂದು ತಿಂಗಳು, ಅಂದರೆ ಎಂಟು. ಒಟ್ಟು 1,80,000.

ನವನಗರ ಪೋಸ್ಟ್ ಆಫೀಸಿನಿಂದ ಜುಲೈ ಎರಡನೇ ವಾರ ಗ್ರ್ಯಾಚುಟಿ ಕೇಳುವ ಅರ್ಜಿ ಫಾರ್ಮ್ 'ಐ' ಅನ್ನು ವಿಶ್ವವಿದ್ಯಾಲಯಕ್ಕೆ ರಿಜಿಸ್ಟರ್ ಪೋಸ್ಟ್ ಮಾಡಿದೆ, ಮುಟ್ಟಿದ್ದಕ್ಕೆ ರಸೀದಿ ಬರುವ ಹಾಗೆ. ಆಗಸ್ಟ್‌ನಲ್ಲಿ ಒಂದೇ ಸಾಲಿನ ಉತ್ತರ ಬಂತು: ನೀವು ಅರ್ಹರಲ್ಲ. ಸೆಪ್ಟೆಂಬರ್‌ನಲ್ಲಿ, ಸಂಸ್ಥೆ ಕೊಡದಿದ್ದಾಗ ಹಾಕುವ ಫಾರ್ಮ್ 'ಎನ್' ತುಂಬಿ, ಇಂಥ ಅರ್ಜಿಗಳ ವಿಚಾರಣೆ ಮಾಡುವ ಬೆಳಗಾವಿಯ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಯಲ್ಲಿ ಕೊಟ್ಟೆ. ಆಗ ಇದಕ್ಕೆ 90 ದಿನದ ಮಿತಿ ಇತ್ತು, ತಡ ಆದರೆ ಸರಿಯಾದ ಕಾರಣ ತೋರಿಸಬೇಕಿತ್ತು. ವಕೀಲರು ಬೇಕೇ ಬೇಕು ಅಂತ ಇಲ್ಲ, ನಾನೇ ನಿಂತೆ.

ಆಮೇಲೆ ಪುರಾವೆ ಹುಡುಕುವುದು. ಇಲ್ಲಿ ನನ್ನ ತಪ್ಪೂ ಇದೆ. 2016ರಿಂದ 2018ರವರೆಗಿನ ವಾಟ್ಸ್‌ಆ್ಯಪ್ ಸಂದೇಶ ಇದ್ದ ಫೋನ್ ಕೆಟ್ಟು ಹೋಗಿತ್ತು, ಬ್ಯಾಕಪ್ ಇಟ್ಟಿರಲಿಲ್ಲ. ಮೂರು ಜುಲೈ ಹಾಗೆ ಕೈ ಬಿಟ್ಟವು. ಉಳಿದ ವರ್ಷಗಳದ್ದು ತಾರೀಖು ಕಾಣುವ ಹಾಗೆ ಪ್ರಿಂಟ್ ಹಾಕಿಸಿದೆ. 2020ರ ಜುಲೈನಲ್ಲಿ ಮನೆಯ ಅಡುಗೆ ಕಟ್ಟೆ ಮೇಲೆ ಬ್ಯುರೆಟ್ ನಿಲ್ಲಿಸಿ ಮಾಡಿದ ಪ್ರಯೋಗದ ವಿಡಿಯೋಗಳು ಇದ್ದವು, ಅವನ್ನೂ ಕೊಟ್ಟೆ.

ಪಿಎಫ್ ಪಾಸ್‌ಬುಕ್ ತೆಗೆದು ನೋಡಿದೆ. ತಿಂಗಳಿಗೆ ನನ್ನದು 1,800, ಅವರದು 1,800. ಪ್ರತಿ ಜುಲೈ ಖಾಲಿ. ಇದು ನನಗೆ ವಿರುದ್ಧ ಅಂತ ಗಾಬರಿ ಆಯಿತು. ಆದರೆ ವಕೀಲರು ಸರ್ವಿಸ್ ಹಿಸ್ಟರಿ ಪುಟ ತೆಗೆಸಿ ತೋರಿಸಿದರು. ಸೇರಿದ ದಿನಾಂಕ 2015ರ ಆಗಸ್ಟ್ 1, ಬಿಟ್ಟ ದಿನಾಂಕ 2023ರ ಜೂನ್ 30. ಮಧ್ಯದಲ್ಲಿ ಒಂದೂ ಇಲ್ಲ. ನೌಕರ ಕೆಲಸ ಬಿಟ್ಟರೆ ಬಿಟ್ಟ ದಿನಾಂಕವನ್ನು ಸಂಸ್ಥೆಯೇ ಪಿಎಫ್ ಇಲಾಖೆಗೆ ತಿಳಿಸಬೇಕು. ಏಳು ಬಾರಿ ನಾನು ನೌಕರಿಯಿಂದ ಹೊರಗೆ ಹೋಗಿ ಒಳಗೆ ಬಂದಿದ್ದು ನಿಜವಾದರೆ ಏಳು ದಿನಾಂಕ ಅಲ್ಲಿ ಇರಬೇಕಿತ್ತು, ಅಲ್ವಾ? ಈ ಪುಟವನ್ನು 11 ತಿಂಗಳ ಆರ್ಡರ್ ಇರುವ ಪ್ರತಿಯೊಬ್ಬರೂ ಇವತ್ತೇ ತೆಗೆದು ನೋಡಬೇಕು.

ಮೂರನೆಯದು ಲ್ಯಾಬಿನ ಸ್ಟಾಕ್ ರಿಜಿಸ್ಟರ್. ಸಿಲ್ವರ್ ನೈಟ್ರೇಟ್ ದುಬಾರಿ ರಾಸಾಯನಿಕ, ಕಂದು ಬಾಟಲಿಯಲ್ಲಿ, ಕೀಲಿ ಹಾಕಿದ ಬೀರುವಿನಲ್ಲಿ ಇರುತ್ತದೆ. ಕೈಗೆ ತಾಗಿದರೆ ಬೆರಳು ಕಪ್ಪಾಗಿ ದಿನಗಟ್ಟಲೆ ಹೋಗುವುದಿಲ್ಲ. ಅದನ್ನು ತೂಕ ಮಾಡಿ ಎಷ್ಟು ಉಳಿದಿದೆ ಅಂತ ಬರೆದು ಸಹಿ ಹಾಕಲೇಬೇಕು. ಪ್ರತಿ ವರ್ಷ ಸ್ಟಾಕ್ ಎಣಿಸುವುದು ಜುಲೈನಲ್ಲಿ. 2020 ಒಂದು ಬಿಟ್ಟು ಉಳಿದ ಆರೂ ಜುಲೈಗಳಲ್ಲಿ ಆ ಪುಟಗಳ ಮೇಲೆ ನನ್ನ ಸಹಿ, ತಾರೀಖು ಇದ್ದವು. ಆದರೆ ರಿಜಿಸ್ಟರ್ ಅವರ ಹತ್ತಿರ. ಮಾಮಾಗೆ ಫೋನ್ ಮಾಡಿದೆ. ಪುಟದ ಫೋಟೋ ಕಳಿಸಿ ಅಂತ ಕೇಳಲು ಮನಸ್ಸು ಬರಲಿಲ್ಲ, ಗೊತ್ತಾದರೆ ಅವರ ಕೆಲಸಕ್ಕೆ ಕುತ್ತು. ರಿಜಿಸ್ಟರ್ ನಂಬರ್ ಏನು ಅಂತ ಮಾತ್ರ ಕೇಳಿದೆ. ಅವರು ನಂಬರ್ ಹೇಳಿ, "ಎರಡನೇ ಬೀರು, ಮ್ಯಾಲಿನ ಖಾನೇದಾಗ ಐತಿ, ಬರಕೊಳ್ರಿ" ಅಂದರು. ವಿಚಾರಣೆಯಲ್ಲಿ ಆ ನಂಬರ್ ಕೊಟ್ಟು ರಿಜಿಸ್ಟರ್ ಹಾಜರುಪಡಿಸಲು ಅರ್ಜಿ ಹಾಕಿದೆ.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಒಂದು ಸಣ್ಣ ಕಾಗದ. 2019ರ ಆ ಬನಹಟ್ಟಿ ಪ್ರವಾಸದ ಟಿಎ (ಪ್ರಯಾಣ ಭತ್ಯೆ) ವೋಚರ್ ನಕಲು. ನನ್ನ ಹಳೆ ಡೈರಿ ಒಳಗೆ ಮಡಚಿ ಇಟ್ಟಿದ್ದೆ, ಯಾಕೆ ಇಟ್ಟಿದ್ದೆನೋ ನೆನಪಿಲ್ಲ. ಜುಲೈ ತಾರೀಖು, ನನ್ನ ಹೆಸರು, ಹೆಸರಿನ ಮುಂದೆ ಅಸಿಸ್ಟೆಂಟ್ ಪ್ರೊಫೆಸರ್, ಕೆಳಗೆ ಅಕೌಂಟ್ಸ್ ವಿಭಾಗದ ಸೀಲು.

2023ರ ನವೆಂಬರ್‌ನಿಂದ 2024ರ ಜುಲೈವರೆಗೆ ಏಳು ವಿಚಾರಣೆ. ಬೆಳಗ್ಗೆ ಐದೂವರೆ ಬಸ್ಸು, ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿ. ಎರಡು ಸಲ ವಿಶ್ವವಿದ್ಯಾಲಯದ ಕಡೆಯವರು ಬರಲೇ ಇಲ್ಲ, ಮುಂದಿನ ತಾರೀಖು ತಗೊಂಡು ವಾಪಸ್ ಬಂದೆ. ಹೊಸ ಕಾಲೇಜಿನಲ್ಲಿ ರಜೆ ಕೇಳುವುದು ಕಷ್ಟ ಆಗುತ್ತಿತ್ತು. ಹಳೆ ಸಹೋದ್ಯೋಗಿಗಳು ಫೋನ್ ಎತ್ತುವುದನ್ನು ಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಆಗಸ್ಟ್ ಆರ್ಡರ್ ಬರಬೇಕಿತ್ತು.

ವಿಶ್ವವಿದ್ಯಾಲಯದ ಪ್ರತಿನಿಧಿ ಮೊದಲು ಶಿಕ್ಷಕರಿಗೆ ಕಾಯ್ದೆ ಬರುವುದಿಲ್ಲ ಅಂದರು, 2022ರ ತೀರ್ಪು ತೋರಿಸಿದ ಮೇಲೆ ಆ ಮಾತು ಬಿಟ್ಟರು. ಆಮೇಲೆ ಬ್ರೇಕ್. ಐದನೇ ವಿಚಾರಣೆಯಲ್ಲಿ ಅಧಿಕಾರಿ ವೋಚರ್ ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿದರು: "ನೌಕರಿಯಲ್ಲಿ ಇಲ್ಲದವರಿಗೆ ಟಿಎ ಯಾಕೆ ಕೊಟ್ಟಿರಿ?" ಉತ್ತರಕ್ಕೆ ಆ ಪ್ರತಿನಿಧಿ ಸಮಯ ಕೇಳಿದರು. ಆರನೇ ವಿಚಾರಣೆಗೆ ರಿಜಿಸ್ಟರ್ ಬಂತು. ಅಧಿಕಾರಿ ಪುಟ ತಿರುವುವಾಗ ನನ್ನ ಅಕ್ಷರ, ನನ್ನ ಸಹಿ, ಒಂದು ಪುಟದ ಅಂಚಲ್ಲಿ ಸಿಲ್ವರ್ ನೈಟ್ರೇಟಿನ ಕಪ್ಪು ಹೆಬ್ಬೆಟ್ಟು ಗುರುತು ಕಂಡಿತು. ಬಯೋಮೆಟ್ರಿಕ್ ಯಂತ್ರ ಒಪ್ಪದ ಹೆಬ್ಬೆಟ್ಟು ಅದು. ಕಣ್ಣಲ್ಲಿ ನೀರು ಬಂತು, ಹೊರಗೆ ಹೋಗಿ ನಿಂತೆ.

ಆಗಸ್ಟ್‌ನಲ್ಲಿ ಆದೇಶ ಆಯಿತು. ಎಂಟು ವರ್ಷದ ನಿರಂತರ ಸೇವೆ ಒಪ್ಪಿಕೊಂಡು 1,80,000 ಮತ್ತು ಬಡ್ಡಿ. ಆಗಿನ ನಿಯಮದಲ್ಲಿ ಕೆಲಸ ಬಿಟ್ಟ 30 ದಿನದೊಳಗೆ ಗ್ರ್ಯಾಚುಟಿ ಕೊಡದಿದ್ದರೆ ವರ್ಷಕ್ಕೆ ಶೇಕಡಾ 10 ಸರಳ ಬಡ್ಡಿ ಸೇರುತ್ತಿತ್ತು. ಮೇಲ್ಮನವಿಗೆ 60 ದಿನ ಇತ್ತು, ಆದರೆ ಸಂಸ್ಥೆ ಮೊದಲು ಮೊತ್ತ ಠೇವಣಿ ಇಡಬೇಕಿತ್ತು. ಅವರು ಮೇಲ್ಮನವಿಗೆ ಹೋಗಲಿಲ್ಲ. ಸೆಪ್ಟೆಂಬರ್ 30ಕ್ಕೆ ಖಾತೆಗೆ 2,01,000 ಬಂತು. ಆದೇಶದ ನಕಲನ್ನು ಅಪ್ಪ ಎರಡು ಸಲ ಓದಿದರು. "ಜುಲೈನೂ ಬರದಾರ" ಅಂದರು, ಅಷ್ಟೇ.

ಆ ಏಳು ಜುಲೈಗಳ ಸಂಬಳ ಮಾತ್ರ ಇವತ್ತಿಗೂ ಬಂದಿಲ್ಲ. ಗ್ರ್ಯಾಚುಟಿ ಕಾಯ್ದೆಯಲ್ಲಿ ಅದನ್ನು ಕೇಳಲು ಆಗುವುದಿಲ್ಲ. ಇನ್ನೊಂದು ವಿಷಯ ಹೇಳಿಬಿಡುತ್ತೇನೆ: ನನ್ನ ಕೇಸ್ ನಡೆದದ್ದು ಹಳೆ ಕಾಯ್ದೆಯಲ್ಲಿ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, ಅದರಲ್ಲಿ ನಿಗದಿತ ಅವಧಿಗೆ ನೇಮಕ ಆದವರಿಗೆ ಒಂದು ವರ್ಷ ಆದರೂ ಗ್ರ್ಯಾಚುಟಿ ಇದೆ. ಈಗ ಬಿಡುವವರು ಅದನ್ನು ಓದಿಕೊಳ್ಳಬೇಕು.

ಹೋದ ತಿಂಗಳು ಮಾಮಾ ಮನೆಗೆ ಬಂದಿದ್ದರು. ಅವ್ವ ರೊಟ್ಟಿ, ಶೇಂಗಾ ಹಿಂಡಿ ಹಾಕಿ ಊಟಕ್ಕೆ ಕೂರಿಸಿದಳು. ಊಟ ಆದ ಮೇಲೆ ಒಂದು ರೆಕ್ಸಿನ್ ಚೀಲ ತೆಗೆದರು. 2019ರಲ್ಲಿ ಅಟೆಂಡರ್‌ಗಳನ್ನೆಲ್ಲ ಒಂದು ಏಜೆನ್ಸಿಗೆ ವರ್ಗಾಯಿಸಿದ್ದರು. ಕೆಲಸ ಅದೇ ಲ್ಯಾಬಿನಲ್ಲಿ, ಸಂಬಳ ಏಜೆನ್ಸಿಯಿಂದ. ಮುಂದಿನ ವರ್ಷ ಅವರಿಗೆ 60 ತುಂಬುತ್ತದೆ, ಸರ್ವಿಸ್ ಏಜೆನ್ಸಿಗೆ ಬಂದ ದಿನದಿಂದ ಮಾತ್ರ ಅಂತ ಹೇಳಿದ್ದಾರಂತೆ. ಚೀಲದಲ್ಲಿ 1999ರ ಮೊದಲ ಆರ್ಡರ್ ಇದೆ, ಮಡಿಕೆಯಲ್ಲಿ ಹರಿದು ಹೋಗಿದೆ. ಸೆಲ್ಲೋಟೇಪ್ ಹಚ್ಚಿ ಝೆರಾಕ್ಸ್ ಮಾಡಿಸಿದ್ದೇನೆ. ಪಿಎಫ್ ನಂಬರ್ ಎರಡಿವೆ. ಭಾನುವಾರ ಮತ್ತೆ ಬರುತ್ತಾರೆ, ಸರ್ವಿಸ್ ಹಿಸ್ಟರಿ ಪುಟ ತೆಗೆದು ನೋಡಬೇಕು.